ಕನ್ನಡಕದಲ್ಲಿ ಕಂಡ ಕಟ್ಟೆ

ನಾನು ಮನೆಗಳ ನಕ್ಷೆ ಬರೆಯುವವಳು. ರಾಣೆಬೆನ್ನೂರಿನ ಬಸ್ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ನನ್ನ ಆಫೀಸು. ಕೆಳಗೆ ಬೀಜ, ಗೊಬ್ಬರದ ಅಂಗಡಿ, ಮೇಲೆ ನಾನು. ಸಿವಿಲ್ ಡಿಪ್ಲೊಮಾ ಮುಗಿಸಿ ಬಂದಾಗ ಟ್ರೇಸಿಂಗ್ ಕಾಗದದ ಮೇಲೆ ಶಾಯಿಯಲ್ಲಿ ಬರೆಯುತ್ತಿದ್ದೆ, ಆಮೇಲೆ ಕಂಪ್ಯೂಟರ್ ಬಂತು, ಈಗ ಮೂರು ವರ್ಷದಿಂದ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಇದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗೋಡೆ ಕಟ್ಟುವ ಗೌಂಡಿಗಳು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಎದುರಿಗೇ ಹೇಳಿದರೂ ನಾನೇನು ಇಲ್ಲವೆನ್ನುವುದಿಲ್ಲ. ಗೋಡೆ ಓರೆಯಾದರೆ ಕೆಡವಿಸುವವಳು ನಾನು.

ಹೆಡ್‌ಸೆಟ್ ಕೊಂಡದ್ದು ಶೋಕಿಗಲ್ಲ. ನಕ್ಷೆ ಓದಲು ನಮ್ಮ ಮಂದಿಗೆ ಬರುವುದಿಲ್ಲ, ಬರುವುದಿಲ್ಲ ಎಂದು ಹೇಳುವುದೂ ಇಲ್ಲ. ಕಾಗದ ಹರಡಿ, ಇದು ಬಾಗಿಲು, ಇದು ಕಿಟಕಿ, ಇದು ಅಡುಗೆಮನೆ ಎಂದರೆ ಗಂಡಹೆಂಡತಿ ಇಬ್ಬರೂ ಗೋಣು ಹಾಕುತ್ತಾರೆ. ಗೋಡೆ ಎದೆಮಟ್ಟ ಬಂದ ಮೇಲೆ ಹೆಂಡತಿ ಬಂದು ನಿಂತು, "ಅಯ್ಯ, ಅಡಗಿಮನಿ ಇಷ್ಟ ಇಕ್ಕಟ್ಟೇನ್ರಿ? ರೊಟ್ಟಿ ಬಡಿಯಾಕ ಎಲ್ಲಿ ಕುಂದ್ರಬೇಕು?" ಎಂದು ಗಂಡನ ಮೇಲೆ ಹರಿಹಾಯುತ್ತಾಳೆ. ಗಂಡ ನನ್ನ ಮೇಲೆ ಹರಿಹಾಯುತ್ತಾನೆ. ನಾನು ಗೌಂಡಿಯ ಮೇಲೆ. ಈ ಸುತ್ತು ಇಪ್ಪತ್ತೈದು ವರ್ಷ ನಡೆಯಿತು.

ಹಾವೇರಿಯಲ್ಲಿ ಮನೆ ಕಟ್ಟುವ ಸಾಮಾನಿನ ಒಂದು ಪ್ರದರ್ಶನಕ್ಕೆ ಹೋದಾಗ ಅದನ್ನು ಮೊದಲು ಹಾಕಿಕೊಂಡು ನೋಡಿದೆ. ಇದು ಕಣ್ಣು ಪೂರಾ ಮುಚ್ಚುವ ಜಾತಿಯದಲ್ಲ. ಎದುರಿಗಿನ ರಸ್ತೆ, ಮರ, ಮಂದಿ ಎಲ್ಲ ಇದ್ದ ಹಾಗೇ ಕಾಣುತ್ತದೆ. ಅದರ ನಡುವೆ, ಖಾಲಿ ನಿವೇಶನದಲ್ಲಿ, ನಾನು ಬರೆದ ಮನೆ ಎದ್ದು ನಿಂತಿರುತ್ತದೆ. ಒಳಗೆ ಹೋಗಿ ತಿರುಗಾಡಬಹುದು. ಮಾರುವವನು, "ಇನ್ನ ನಾಕೈದು ವರ್ಷಕ್ಕ ಇದು ಚಾಳೀಸಿನಂಗ ಹಗುರ ಆಗತೈತ್ರಿ ಮೇಡಮ್ಮಾರ, ಎಲ್ಲಾರ ಮೂಗಿನ ಮ್ಯಾಲೂ ಇರತೈತಿ" ಎಂದ. ಇರಲಿ ಬಿಡು, ಸದ್ಯಕ್ಕೆ ನನ್ನ ಕುತ್ತಿಗೆ ನೋವಾಗುವಷ್ಟು ಭಾರ ಇದೆಯಲ್ಲ ಎಂದು ಚೌಕಾಸಿ ಮಾಡಿ ತಂದೆ.

ಮೊದಲ ತಿಂಗಳು ನಾನು ನಕ್ಕಿದ್ದೇ ನಕ್ಕಿದ್ದು. ಒಬ್ಬ ಹೆಣ್ಣುಮಗಳು ಜಲ್ಲಿಕಲ್ಲಿನ ನಿವೇಶನದಲ್ಲಿ ಹೆಡ್‌ಸೆಟ್ ಹಾಕಿಕೊಂಡವಳು ಹೊಸ್ತಿಲ ಮುಂದೆ ಚಪ್ಪಲಿ ಕಳೆದಳು. "ಕಲ್ಲು ಚುಚ್ಚತಾವು, ಹಾಕ್ಕೋರಿ" ಎಂದೆ. "ಹೊಸಾ ಮನಿಗೆ ಚಪ್ಪಲಿ ಹಾಕ್ಕೊಂಡು ಹೆಂಗ ಹೋಗ್ಲಿರಿ?" ಎಂದು ಕೇಳಿ, ಬರಿಗಾಲಲ್ಲೇ ಅಯ್ಯೋ ಅಮ್ಮಾ ಎನ್ನುತ್ತ ನಾಲ್ಕೂ ಕೋಣೆ ತಿರುಗಿದಳು. ಗುತ್ತಲದ ಒಬ್ಬ ಹಿರಿಯರು ಏಳಡಿ ಬಾಗಿಲಲ್ಲೂ ತಲೆ ಬಗ್ಗಿಸಿಯೇ ಒಳಗೆ ಹೋದರು. ಹಳೆಯ ಮನೆಯ ಗಿಡ್ಡ ಬಾಗಿಲಿಗೆ ಎಷ್ಟು ಸಲ ಹಣೆ ಬಡಿಸಿಕೊಂಡಿದ್ದರೋ. ದೇವರ ಜಗಲಿಗೆ ಕೈ ಮುಗಿದವರಿಗಂತೂ ಲೆಕ್ಕವಿಲ್ಲ. ನನಗೆ ತಲೆಗೇರಿತು. ನಾನು ತೋರಿಸಿದ್ದನ್ನು ಮಂದಿ ಇಷ್ಟು ನಂಬುತ್ತಾರಲ್ಲ ಎಂದು ಹೆಮ್ಮೆಪಟ್ಟೆ. ಆ ನಂಬಿಕೆಗೆ ಹೆದರಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಆಗ ಬಂದದ್ದು ಬ್ಯಾಡಗಿಯ ಕೆಲಸ. ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟುಕೊಂಡ ಮನೆತನ. ತಾಯಿ, ಮಗ, ಬಸುರಿ ಸೊಸೆ. ಅವರ ಮಣ್ಣುಗೋಡೆಯ ಹಳೆಯ ಮನೆ ಹಿಂದಿನ ಮಳೆಗಾಲದಲ್ಲಿ ವಾಲಿತೆಂದು ಕೆಡವಿ, ಎರಡು ಓಣಿ ಆಚೆ ಬಾಡಿಗೆಗೆ ಇದ್ದರು. ಹೊಸ ಮನೆಗೆ ಪರವಾನಗಿ ಬೇಕಾದರೆ ಅರ್ಜಿಗೆ ತಾಯಿಯ ಸಹಿ ಬೇಕು, ಜಾಗ ಆಕೆಯ ಹೆಸರಿನಲ್ಲಿತ್ತು. ಆಕೆ ಸಹಿ ಮಾಡುತ್ತಿರಲಿಲ್ಲ.

ಕಾರಣ ಕಟ್ಟೆ. ಹಳೆಯ ಮನೆಯ ಬಾಗಿಲಿಗೆ ಎಡಕ್ಕೊಂದು ಬಲಕ್ಕೊಂದು ಕಲ್ಲಿನ ಕಟ್ಟೆ ಇದ್ದವಂತೆ. ಮಾರ್ಕೆಟ್ಟಿಗೆ ಬಂದ ಹೆಣ್ಣುಮಕ್ಕಳು ಬಸ್ಸು ಬರುವ ತನಕ ಅಲ್ಲಿ ಕೂರುವುದು, ಓಣಿಯವರು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಸಂಜೆ ಮಾಡುವುದು, ಹಾದುಹೋಗುವವರಿಗೆ ನೀರು ಕೊಡುವುದು ಎಲ್ಲ ಅಲ್ಲೇ. ಮಗ ನನ್ನಿಂದ ಬರೆಸಿದ ನಕ್ಷೆಯಲ್ಲಿ ಆ ಜಾಗದಲ್ಲಿ ಕಾರು ಒಳಗೆ ಬರುವ ಇಳಿಜಾರು ಮತ್ತು ಎಂಟಡಿ ಗೇಟು. "ಕಟ್ಟಿ ಇರಲಾರದ ಮನಿಗೆ ನಾ ಸಹಿ ಮಾಡೂದಿಲ್ಲ" ಎಂದು ಆಕೆ, "ಕಾರು ನಿಂದ್ರಲಾರದ ಮನಿ ಯಾಕ ಬೇಕು" ಎಂದು ಆತ. ಎರಡು ತಿಂಗಳು ಇದೇ ಗುದ್ದಾಟ.

ಮಗ ಕೆಟ್ಟವನಲ್ಲ, ಹೇಳಿಬಿಡುತ್ತೇನೆ. ಅವಸರದ ಮನುಷ್ಯ. ಒಂದು ದಿನ ನನ್ನ ಆಫೀಸಿಗೆ ಬಂದು, "ಅಕ್ಕಾರ, ಆ ಕನ್ನಡಕದಾಗ ಎರಡು ಕಟ್ಟಿ ತೋರಿಸಿಬಿಡ್ರಿ. ಅವ್ವ ಸಹಿ ಹಾಕ್ಲಿ. ಕಟ್ಟೂದು ಮುಂದ ನೋಡೂಣು" ಎಂದ.

"ನಕ್ಷೆದಾಗ ಇಲ್ಲದ್ದು ಹೆಂಗ ತೋರಿಸ್ಲಿ?"

"ತೋರಿಸಿದ್ರ ಏನ್ರಿ, ಕಟ್ಟಿದಂಗ ಆತೇನು?"

ನಾನು ಆಗ ಎದ್ದು ಬಾಗಿಲು ತೋರಿಸಬೇಕಿತ್ತು. ಓರೆ ಗೋಡೆ ಕೆಡವಿಸುವ ನನ್ನ ಸಿಟ್ಟು ಆವತ್ತು ಎಲ್ಲಿ ಹಾಳಾಗಿ ಹೋಗಿತ್ತೋ! ಆತನ ಮಾತಿನ ಮೇಲೆ ಅದೇ ಓಣಿಯಲ್ಲಿ ಇನ್ನೆರಡು ಮನೆಯ ಕೆಲಸ ನನಗೆ ಬರುವುದಿತ್ತು. ತೋರಿಸುವುದು ಬೇರೆ, ಕಟ್ಟುವುದು ಬೇರೆ ಎಂದು ನನಗೆ ನಾನೇ ಹೇಳಿಕೊಂಡು ಕೂತು ಬರೆದೆ. ಅರ್ಧ ಗಂಟೆಯ ಕೆಲಸ. ಹಳೆಯ ಮನೆಯ ಫೋಟೋ ಇಸಿದುಕೊಂಡು ಅದೇ ಕರಿಕಲ್ಲು ಹಾಕಿದೆ. ಕೂತು ಕೂತು ಕಲ್ಲು ನಡುವೆ ತಗ್ಗಾಗಿತ್ತಲ್ಲ, ಆ ತಗ್ಗನ್ನೂ ಬಿಡಲಿಲ್ಲ. ಮಾಡುವ ಸುಳ್ಳನ್ನು ಅಚ್ಚುಕಟ್ಟಾಗಿ ಮಾಡಿದೆ.

ಮೆಣಸಿನಕಾಯಿ ಸೀಜನ್ನು. ಬ್ಯಾಡಗಿಗೆ ಇಳಿದೊಡನೆ ಘಾಟಿಗೆ ಸೀನು. ಬಯಲಾದ ನಿವೇಶನದಲ್ಲಿ ಮಗನ ತಾಯಿ, ಆ ಅಜ್ಜಿ, ಕಾಯುತ್ತಿದ್ದರು. ಎಪ್ಪತ್ತರ ಮೇಲಿನ ವಯಸ್ಸು, ಗಟ್ಟಿ ಮೈ, ಕಣ್ಣಿನ ಪೊರೆ ತೆಗೆಸಿ ಎರಡು ವರ್ಷ. ಹೆಡ್‌ಸೆಟ್ ಕಟ್ಟಿದೆ. ಒಂದು ಸುತ್ತು ತಿರುಗಿದರು. ಆಮೇಲೆ ಎಡಗಡೆಯ ಕಟ್ಟೆಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಯವ್ವಾ, ಇದು ನಮ್ಮ ಕಲ್ಲ! ತಗ್ಗು ಬಿದ್ದದ್ದೂ ಹಂಗs ಐತಿ."

"ಕುಂದ್ರಬ್ಯಾಡ್ರಿ ಅಮ್ಮಾರ, ಬೀಳ್ತೀರಿ. ಬರೇ ನೋಡ್ರಿ" ಎಂದು ನಾನು ತೋಳು ಹಿಡಿದೆ.

ಅಷ್ಟರಲ್ಲಿ ಎದುರು ಮನೆಯ ಹೆಂಗಸು ಕೈಚೀಲ ಹೊತ್ತು ಬೆವರುತ್ತ ಬಂದಳು. ಹೆಡ್‌ಸೆಟ್ಟಿನಲ್ಲಿ ಅಜ್ಜಿಗೆ ಆಕೆಯೂ ಕಾಣುತ್ತಾಳೆ, ಕಟ್ಟೆಯೂ ಕಾಣುತ್ತದೆ. "ಏ ತಂಗಿ, ಬಾ ಇಲ್ಲೆ. ಕಟ್ಟಿ ಆತು ನೋಡು. ಚೀಲಾ ಇಳಸು, ಕುಂದ್ರು" ಎಂದು ಕೈಮಾಡಿ ಕರೆದರು.

ಆಕೆ ಬರಿ ನೆಲ ನೋಡಿ, "ಎಲ್ಲೈತಿಬೇ ಕಟ್ಟಿ?" ಎಂದಳು.

"ನಿನಗ ಕಾಣೂದಿಲ್ಲ. ನನಗ ಕಾಣತೈತಿ!"

ಬಂದಿದ್ದ ಮಗನೂ ಸೇರಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಜ್ಜಿಯೂ ನಕ್ಕರು. ಕನ್ನಡಕ ಬಿಚ್ಚಿದವರೇ ಅಲ್ಲೇ ಇಟ್ಟಿಗೆ ರಾಶಿಯ ಮೇಲೆ ಕಾಗದ ಇಟ್ಟುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ಅವರು ಓದಿದ್ದು ಮೂರನೆಯ ಇಯತ್ತೆ. ಹೆಬ್ಬಟ್ಟು ಒತ್ತುವುದೆಂದರೆ ಅವರಿಗೆ ಅವಮಾನ. ನಾನು ಸಂಜೆ ಬಸ್ಸಿಗೆ ರಾಣೆಬೆನ್ನೂರಿಗೆ ಬಂದೆ. ಆವತ್ತು ಊಟ ಸೇರಿತು, ನಿದ್ದೆಯೂ ಬಂತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಕೆಲಸ ನಡೆಯಿತು. ಪಾಯ ಆಯಿತು, ಕಂಬ ಎದ್ದವು, ಸ್ಲ್ಯಾಬ್ ಬಿತ್ತು. ನಡುವೆ ಸೊಸೆಗೆ ಗಂಡು ಹುಟ್ಟಿತು, ಪೇಢೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಫೋನು ಮಾಡಿ, ಮುಂದಿನ ಇಳಿಜಾರಿಗೆ ಕಾಂಕ್ರೀಟ್ ಹಾಕಿಯಾಯಿತು ಎಂದ. ಕೊನೆಗೆ, "ಅಕ್ಕಾರ, ಅವ್ವ ಏನರ ಕೇಳಿದ್ರ ಕಟ್ಟಿ ಮಾತು ತಗೀಬ್ಯಾಡ್ರಿ. ನಿನ್ನ ಕಣ್ಣಿಗೆ ಹಂಗ ಕಂಡಿರಬೇಕು ಅಂತ ಹೇಳೇನಿ" ಎಂದು ಒಂದು ಮಾತು ಸೇರಿಸಿದ. ನಾನು ಹೂಂ ಎಂದೆ. ಒಂದು ಹೂಂ ಅನ್ನಲು ಎಷ್ಟು ಹೊತ್ತು ಬೇಕು? ಫೋನಿಟ್ಟು ಬೇರೆ ಕೆಲಸ ಹಿಡಿದೆ.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಜ್ಜಿ ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಒಬ್ಬರೇ. ಒಂದು ಕೈ ಗೋಡೆಗೆ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಾಲಲ್ಲಿ ತಡವಿ ನೋಡಿ ಹತ್ತುತ್ತಿದ್ದರು. ಬೈಯಲು ಬಂದಿದ್ದಾರೆ, ಬೈಸಿಕೊಳ್ಳುವುದೇ ಸೈ ಎಂದು ಎದ್ದು ಕುರ್ಚಿ ಕೊಟ್ಟೆ, ನೀರು ಕೊಟ್ಟೆ, ಚಹಾಕ್ಕೆ ಹೇಳಿದೆ. ಅವರು ಬೈಯಲಿಲ್ಲ.

"ನಿನ್ನ ಒಂದು ಮಾತು ಕೇಳಾಕ ಬಂದೇನಿ ಯವ್ವಾ. ಅವತ್ತು ಆ ಕನ್ನಡಕದಾಗ ಕಟ್ಟಿ ಇತ್ತೋ ಇಲ್ಲೋ?"

"ಯಾಕ ಅಮ್ಮಾರ, ಏನಾತು?" ಎಂದೆ. ಕೇಳಿದ್ದಕ್ಕೆ ಉತ್ತರ ಕೊಡದೆ ಜಾರಿಕೊಳ್ಳುವವರ ಮಾತು ಅದು.

ಅವರು ಹೇಳಿದರು. ಇಳಿಜಾರು ನೋಡಿ ಗೌಂಡಿಯನ್ನು ಕೇಳಿದರಂತೆ. ನಕ್ಷೆಯಲ್ಲಿ ಕಟ್ಟೆ ಇಲ್ಲ, ಇರಲೂ ಇಲ್ಲ ಎಂದನಂತೆ. ಮಗನನ್ನು ಕೇಳಿದರೆ, ನಿನಗೆ ವಯಸ್ಸಾಯಿತು, ಕಣ್ಣಿಗೆ ಏನೋ ಕಂಡಿರಬೇಕು ಎಂದನಂತೆ. ಅದು ಓಣಿಗೆಲ್ಲ ಹಬ್ಬಿ, ಇಲ್ಲದ ಕಟ್ಟೆ ಕಂಡ ಅಮ್ಮ ಎಂದು ತಮಾಷೆಯ ಮಾತಾಯಿತಂತೆ. ಎದುರು ಮನೆಯಾಕೆಯೇ ಸಾಕ್ಷಿ: ನಾನು ನೋಡಿದೆ, ಬರಿ ನೆಲ ತೋರಿಸಿ ಕೂರು ಅಂದಳು ಎಂದು.

"ನಾನೂ ಮೊದಲ ನಕ್ಕೆ. ಆಮ್ಯಾಲೆ ಹೆದರಿಕಿ ಹತ್ತಿತು. ಇಲ್ಲದ್ದು ಕಂಡೈತಿ ಅಂದ್ರ, ಇದ್ದದ್ದು ಕಾಣವಲ್ಲದೋ ಏನೋ. ಒಲಿ ಹಚ್ಚೂದು ಬಿಟ್ಟೇನಿ. ಇವತ್ತು ಬಸ್ಸಿನ ಬೋರ್ಡು ಓದಿದೆ, ರಾಣೆಬೆನ್ನೂರು ಅಂತ ಇತ್ತು. ಆದ್ರೂ ಮೂರು ಮಂದೀನ ಕೇಳಿ ಹತ್ತೇನಿ. ನಮ್ಮತ್ತಿ ಕಡೀಕ ಹಿಂಗs ಆಗಿದ್ಲು, ಗೋಡಿ ಕೂಡ ಮಾತಾಡತಿದ್ಲು. ನನಗೂ ತಲಿ ಕೆಟ್ಟೈತೇನು, ಖರೇ ಹೇಳು."

ಕಟ್ಟೆಗಾಗಿ ಬಂದಿರಲಿಲ್ಲ ಅವರು. ತನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಕೇಳಲು ಬಂದಿದ್ದರು. ಹೇಳಬಲ್ಲವಳು ನಾನೊಬ್ಬಳೇ. ಈ ಯಂತ್ರದ ಸ್ವಭಾವ ಅಂಥದು: ಹಾಕಿಕೊಂಡವರಿಗೆ ಮಾತ್ರ ಕಾಣುತ್ತದೆ, ಪಕ್ಕದಲ್ಲಿ ನಿಂತವರಿಗೆ ಬರಿ ನೆಲ. ಮುಂದೆ ಎಲ್ಲರ ಮೂಗಿನ ಮೇಲೂ ಇದು ಬಂದಾಗ ಒಬ್ಬೊಬ್ಬರಿಗೆ ಒಂದೊಂದು ಕಾಣುತ್ತದೆ. ನೀನು ಕಂಡದ್ದು ನಿಜ ಎಂದು ಹೇಳಲು ಯಾರಾದರೂ ಇರಬೇಕಲ್ಲ. ನಾನು ಇದ್ದೆ, ಇದ್ದೂ ಫೋನಿನಲ್ಲಿ ಹೂಂ ಎಂದಿದ್ದೆ.

"ಕಟ್ಟಿ ಇತ್ತು ಅಮ್ಮಾರ" ಎಂದೆ. "ನಿಮ್ಮ ಕಣ್ಣಿಗೆ ಏನೂ ಆಗಿಲ್ಲ, ತಲಿಗೂ ಆಗಿಲ್ಲ. ನಾನs ಸುಳ್ಳು ತೋರಿಸಿದೆ. ನಿಮ್ಮ ಸಹಿ ಬೇಕಾಗಿತ್ತು. ಕಟ್ಟಿ ಕಟ್ಟೂದಿಲ್ಲ ಅಂತ ನನಗೂ ಗೊತ್ತಿತ್ತು, ನಿಮ್ಮ ಮಗಗೂ ಗೊತ್ತಿತ್ತು."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು. ಬದಲಿಗೆ ಉಸಿರು ಬಿಟ್ಟು, "ಹಂಗಾರ ನಾ ನೆಟ್ಟಗದೇನಿ" ಎಂದರು. ಅವರ ಮುಖ ಅರಳಿತು. ಮೋಸ ಹೋದದ್ದು ತಿಳಿದು ಖುಷಿಪಟ್ಟವರನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಅಳು ತಡೆಯಲಾಗಲಿಲ್ಲ. ಚಹಾ ತಂದ ಹೋಟೆಲ್ಲಿನವನು ಲೋಟ ಇಟ್ಟು ಹೋದ.

ಕಣ್ಣೊರೆಸಿಕೊಂಡು, "ಆ ಕಟ್ಟಿ ಇನ್ನೂ ಕಂಪ್ಯೂಟರಿನಾಗ ಐತಿ ಅಮ್ಮಾರ. ಕನ್ನಡಕ ತರ್ತೇನಿ, ಓಣಿ ಮಂದಿಗೆ ಹಾಕಿ ತೋರಿಸೂಣು. ಆಗ ನಂಬತಾರ" ಎಂದೆ.

"ಅದು ಬ್ಯಾಡ. ಅದನ್ನ ಮುಟ್ಟಬ್ಯಾಡ. ನೀ ಬಾ, ಬಾಯಿಲೆ ಹೇಳು. ಒಂದೊಂದು ಮನಿಗೆ ಹೋಗಿ ಹೇಳಬೇಕು. ಹೇಳ್ತೀಯೇನು?"

ಹೇಳುತ್ತೇನೆ ಎಂದೆ. ಆಫೀಸಿಗೆ ಬೀಗ ಹಾಕಿ ಹೊರಟೆವು. ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ದಾರಿಯ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದಿದರು. ಮೋಟೆಬೆನ್ನೂರು ನನ್ನ ತವರು, ಬಸ್ಸು ಅದನ್ನು ದಾಟುವಾಗ ಆ ಹೆಸರನ್ನೂ ಓದಿ, "ಬರೋಬ್ಬರಿ ಐತಿಲ್ಲೋ?" ಎಂದು ನನ್ನನ್ನು ಕೇಳಿದರು. ಬರೋಬ್ಬರಿ ಐತಿ ಎಂದೆ.

ಹೊಸ ಮನೆಯ ಓಣಿಯಲ್ಲಿ ಹನ್ನೊಂದು ಮನೆ. ಅವಮಾನವನ್ನು ಹನ್ನೊಂದು ಕಂತಿನಲ್ಲಿ ತೀರಿಸುವುದು ಸಣ್ಣ ಕೆಲಸವಲ್ಲ. ಮೊದಲನೆಯದೇ ಎದುರು ಮನೆ. "ಅಮ್ಮಾರು ಅವತ್ತು ಕಂಡದ್ದು ಖರೇ. ಕನ್ನಡಕದಾಗ ಕಟ್ಟಿ ಇತ್ತು. ಸುಳ್ಳು ಮಾಡಿದಾಕಿ ನಾನು" ಎಂದೆ. ಆಕೆ ಬಾಯಿ ತೆರೆದು ನಿಂತಳು. ಆಮೇಲೆ ಅಜ್ಜಿಯ ಕೈ ಹಿಡಿದು, "ತಪ್ಪಾತು ಬೇ, ನಾ ಸುಮ್ನ ನಗ್ಯಾಡಿದೆ" ಎಂದಳು. ಮೂರನೆಯ ಮನೆಯಲ್ಲಿ ಒಬ್ಬ ಗಂಡಸು, "ಓದಿದವರು ನೀವು, ನಾಚಿಕಿ ಬರಲಿಲ್ಲೇನ್ರಿ?" ಎಂದು ಕೇಳಿದ. ಬೇರೆ ದಿನವಾಗಿದ್ದರೆ ಎರಡು ಮಾತು ಮರಳಿ ಕೊಡುತ್ತಿದ್ದೆ. ಬಂತ್ರಿ, ತಡವಾಗಿ ಬಂತು ಎಂದೆ. ಅಜ್ಜಿ ಪ್ರತಿ ಬಾಗಿಲಲ್ಲೂ ನನ್ನ ಪಕ್ಕ ನಿಂತು, ನಾನು ಒಂದು ಶಬ್ದ ನುಂಗಿದರೂ, "ಪೂರಾ ಹೇಳು" ಎನ್ನುತ್ತಿದ್ದರು. ಐದನೆಯ ಮನೆಯ ಹೊತ್ತಿಗೆ ಅವರು ಹೇಳಿಸುವ ಮೊದಲೇ ನಾನು ಪೂರಾ ಹೇಳುತ್ತಿದ್ದೆ.

ಕಟ್ಟೆ ಏನಾಯಿತು ಎಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಗೇಟನ್ನು ಎರಡಡಿ ಸರಿಸಿ, ಕಾಂಪೌಂಡಿನ ಒಳಗೆ ಒಂದು ಕಟ್ಟೆ ಆಯಿತು, ಒಂದೇ. ಅದರ ನಕ್ಷೆ ನಾನೇ ಬರೆದೆ. ಇನ್ನೆರಡು ಮನೆಯ ಕೆಲಸ ನನಗೆ ಸಿಗಲಿಲ್ಲ. ಹೆಡ್‌ಸೆಟ್ಟನ್ನು ಮಾರಲಿಲ್ಲ, ಈಗಲೂ ದಿನಾ ಬಳಸುತ್ತೇನೆ. ನೋಡುವವರ ಪಕ್ಕದಲ್ಲಿ ಅವರ ಕಡೆಯವರೊಬ್ಬರನ್ನು ನಿಲ್ಲಿಸಿ, ಇಬ್ಬರಿಗೂ ತೋರಿಸುತ್ತೇನೆ. ತೋರಿಸಿದ್ದನ್ನು ಕಾಗದದ ಮೇಲೆ ಬರೆದು ಸಹಿ ಮಾಡಿ ಕೊಡುತ್ತೇನೆ. ಆ ಸಹಿ ನನ್ನದು.

ಹನ್ನೊಂದೂ ಮನೆ ಮುಗಿಸಿ ನಾವು ಬಾಡಿಗೆ ಮನೆಗೆ ಹೋದೆವು. ಊಟದ ಹೊತ್ತು. ಮಗ ಅಂಗಡಿಯಿಂದ ಬಂದು ಕೂತಿದ್ದ, ಸೊಸೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅನ್ನ ಬಡಿಸುತ್ತಿದ್ದಳು. ನನ್ನನ್ನು ನೋಡಿ ಮಗನಿಗೆ ಎಲ್ಲ ತಿಳಿಯಿತು. ನಾನು ಅಲ್ಲೂ ಪೂರಾ ಹೇಳಿದೆ, ಆತನ ಫೋನಿನ ಮಾತು ಸಮೇತ. ಆತ ತಟ್ಟೆ ಸರಿಸಿದ.

"ಅವ್ವಾ, ಬಿಡು ಇನ್ನ. ಕಟ್ಟಿ ಕಟ್ಟಿಸ್ತೇನಿ. ನಾಳೆನs ಇಳಿಜಾರು ಒಡಸ್ತೇನಿ" ಎಂದ.

"ಕಟ್ಟಿ ಮಾತು ಅಲ್ಲೋ ತಮ್ಮಾ" ಎಂದರು ಅಜ್ಜಿ. ನಿಂತೇ ಇದ್ದರು. ಬೆಳಗಿನಿಂದ ಅಷ್ಟು ಗಟ್ಟಿಯಾಗಿದ್ದ ದನಿ ಈಗ ಒಡೆಯಿತು. "ಇಪ್ಪತ್ತೆರಡು ದಿನ ಆತು ನಾ ಈ ಕೂಸನ್ನ ಎತ್ತಿಲ್ಲ. ಎಲ್ಲಿ ಇಲ್ಲದ ತೊಟ್ಟಿಲು ಐತಿ ಅನಕೊಂಡು ಕೈ ಬಿಟ್ಟೇನೋ, ಎಲ್ಲಿ ಒಗದೇನೋ ಅಂತ ಹೆದರಿ ಎತ್ತಿಲ್ಲ. ಅದು ಅಳತಿದ್ರ ಹಿತ್ತಲಕ್ಕ ಹೋಗಿ ನಿಂದರತಿದ್ದೆ. ಯಾಕ ಬೇ ಎತ್ತವಲ್ಲಿ ಅಂತ ಒಬ್ಬರಾದ್ರೂ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ಮಗ ಎಂಜಲು ಕೈ ಹಾಗೇ ಇಟ್ಟುಕೊಂಡು ತಲೆ ತಗ್ಗಿಸಿದ. ಸೊಸೆ ಸೌಟು ಕೆಳಗಿಟ್ಟು ಎದ್ದು, ಕೂಸನ್ನು ತಂದು ಅವರ ಎರಡೂ ಕೈಗೆ ಕೊಟ್ಟಳು.